ದನಿ ಕೇಳದ ಮೀಟಿಂಗ್: ದೋಷ ಯಾರ ಕಡೆಯದೆಂದು ಪತ್ತೆ ಹಚ್ಚುವ ಕ್ರಮ

ಆನ್‌ಲೈನ್ ಮೀಟಿಂಗ್ ಕೈಕೊಟ್ಟಾಗ ಬಹುತೇಕರು ಮೊದಲು ಆ್ಯಪ್ ಮುಚ್ಚಿ ಮತ್ತೆ ತೆರೆಯುತ್ತಾರೆ. ಅದಕ್ಕೂ ಜಗ್ಗದಿದ್ದರೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುತ್ತಾರೆ. ಕೊನೆಗೆ ಆ್ಯಪನ್ನೇ ಅಳಿಸಿ ಹೊಸದಾಗಿ ಹಾಕಿಕೊಳ್ಳುತ್ತಾರೆ. ಅಷ್ಟರಲ್ಲಿ ಅರ್ಧ ಗಂಟೆ ಕಳೆದು ಮೀಟಿಂಗೇ ಮುಗಿದಿರುತ್ತದೆ. ಕೆಲವೊಮ್ಮೆ ಇದರಿಂದ ಸರಿಹೋಗುವುದೂ ಉಂಟು, ಆದರೆ ಏನು ಕೆಟ್ಟಿತ್ತೆಂಬುದು ತಿಳಿಯದ ಕಾರಣ ಮರುದಿನ ಅದೇ ತೊಂದರೆ ಮತ್ತೆ ಎದುರಾಗುತ್ತದೆ. ಐ.ಟಿ. ಸಹಾಯ ವಿಭಾಗದಲ್ಲಿ ಕುಳಿತು ಇಂಥ ದೂರುಗಳನ್ನು ಹಲವು ವರ್ಷ ಕೇಳಿಸಿಕೊಂಡ ಮೇಲೆ ನನಗೆ ಖಚಿತವಾದ ಸಂಗತಿ ಇಷ್ಟು: ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮುನ್ನ ದೋಷ ಯಾರ ಕಡೆ ಇದೆ ಎಂಬುದನ್ನು ಗೊತ್ತುಮಾಡಿಕೊಂಡರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಝೂಮ್, ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಮೀಟ್, ಸ್ಲ್ಯಾಕ್ ಇವುಗಳಲ್ಲಿ ಗುಂಡಿಗಳ ಜಾಗ ಬೇರೆಬೇರೆಯಾದರೂ ದೋಷಗಳು ಹುಟ್ಟುವ ಜಾಗಗಳು ಒಂದೇ ಆಗಿರುವುದರಿಂದ, ಕೆಳಗಿನ ಕ್ರಮ ಎಲ್ಲಕ್ಕೂ ಅನ್ವಯಿಸುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆಗಳು

ತೊಂದರೆ ಒಬ್ಬರಿಗೋ ಎಲ್ಲರಿಗೋ ಎಂಬುದು ಮೊದಲ ಪ್ರಶ್ನೆ. ಹತ್ತು ಜನರ ಮೀಟಿಂಗ್‌ನಲ್ಲಿ ಒಬ್ಬರ ದನಿ ಉಳಿದ ಒಂಬತ್ತು ಮಂದಿಗೂ ಕೇಳದಿದ್ದರೆ ದೋಷ ಮಾತಾಡುವವರ ಕಡೆ ಇದೆ. ಅದೇ ದನಿ ಎಂಟು ಮಂದಿಗೆ ಕೇಳಿ ಒಬ್ಬರಿಗೆ ಮಾತ್ರ ಕೇಳದಿದ್ದರೆ ದೋಷ ಆ ಒಬ್ಬರ ಕಡೆ ಇದೆ. ಮಾತಾಡುವವರು ತಮ್ಮ ಮೈಕನ್ನು ಎಷ್ಟು ತಡಕಾಡಿದರೂ ಪ್ರಯೋಜನವಿಲ್ಲ. ಎಲ್ಲರಿಗೂ ಎಲ್ಲರ ದನಿಯೂ ಕಡಿಯುತ್ತಿದ್ದರೆ ಮಾತ್ರ ಸೇವೆಯನ್ನೇ ಶಂಕಿಸಬೇಕು. ಆಗ ಆ ಸೇವೆಯವರು ನಡೆಸುವ ಸ್ಥಿತಿಗತಿಯ ಪುಟವನ್ನು ನೋಡಿದರೆ ಸಾಕು. “ನನ್ನ ದನಿ ಯಾರಿಗೆ ಕೇಳುತ್ತಿಲ್ಲ?” ಎಂದು ಚಾಟ್‌ನಲ್ಲಿ ಒಂದು ಸಾಲು ಬರೆದು ಹಾಕಿದರೆ ಈ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಹಾಗಿದ್ದೂ ಇದನ್ನು ಕೇಳುವವರು ತೀರ ವಿರಳ.

ದೋಷ ನಿಮ್ಮ ಕಡೆಯೇ ಇದೆಯೆಂದು ತಿಳಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: ಅದೇ ಕಂಪ್ಯೂಟರಿನಲ್ಲಿ ಬೇರೊಂದು ಆ್ಯಪ್‌ನಿಂದ ದನಿ ರೆಕಾರ್ಡ್ ಮಾಡಿದರೆ ಅದು ಮೂಡುತ್ತದೆಯೇ? ಮೂಡಿದರೆ ಮೈಕ್ ಸರಿಯಿದೆ, ಮೀಟಿಂಗ್ ಆ್ಯಪ್‌ನ ಆಯ್ಕೆ ಅಥವಾ ಅನುಮತಿ ತಪ್ಪಿದೆ. ಮೂಡದಿದ್ದರೆ ಆ್ಯಪನ್ನು ದೂರುವುದು ಬಿಟ್ಟು ಮೈಕ್, ವೈರು, ವಿಂಡೋಸ್ ಇವುಗಳತ್ತ ತಿರುಗಬೇಕು. ಮೂರನೆಯದಾಗಿ, ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಫೋನ್‌ನಿಂದ, ಅದೇ ಮೀಟಿಂಗ್‌ಗೆ ಸೇರಿ ನೋಡಿ. ಅಲ್ಲಿ ಎಲ್ಲವೂ ಸರಿಯಿದ್ದರೆ ನಿಮ್ಮ ಖಾತೆಯಾಗಲಿ ಮೀಟಿಂಗ್ ಆಗಲಿ ಕೆಟ್ಟಿಲ್ಲವೆಂದು ತಿಳಿಯುತ್ತದೆ. ಉಳಿಯುವುದು ಕಂಪ್ಯೂಟರ್ ಮತ್ತು ಮನೆಯ ಇಂಟರ್ನೆಟ್ ಎರಡೇ.

ಪ್ರತಿಧ್ವನಿ

ಯಾರ ಕಡೆ ಎಂಬ ಪ್ರಶ್ನೆ ಅತ್ಯಂತ ಹೆಚ್ಚು ತಲೆಕೆಳಗಾಗುವುದು ಪ್ರತಿಧ್ವನಿಯ ವಿಷಯದಲ್ಲಿ. ನಿಮ್ಮ ಮಾತು ನಿಮಗೇ ಮರಳಿ ಕೇಳಿಸುತ್ತಿದ್ದರೆ ನಿಮ್ಮ ಉಪಕರಣದಲ್ಲಿ ದೋಷವಿದೆ ಎಂದುಕೊಳ್ಳುವುದು ಸಹಜ. ವಾಸ್ತವ ಇದಕ್ಕೆ ವಿರುದ್ಧ. ನಿಮ್ಮ ದನಿ ಇನ್ನೊಬ್ಬರ ಸ್ಪೀಕರಿನಿಂದ ಹೊರಟು, ಅವರದೇ ಮೈಕಿನೊಳಗೆ ನುಗ್ಗಿ, ನಿಮ್ಮ ಬಳಿಗೆ ಹಿಂದಿರುಗುತ್ತಿದೆ. ಆದ್ದರಿಂದ ಪ್ರತಿಧ್ವನಿಯ ಮೂಲ ಯಾರೆಂದರೆ, ಎಲ್ಲರೂ “ಎಕೋ ಬರ್ತಿದೆ” ಎನ್ನುತ್ತಿರುವಾಗ “ನನಗೇನೂ ಕೇಳಿಸ್ತಿಲ್ಲವಲ್ಲ” ಎನ್ನುವವರು. ಅವರನ್ನು ಪತ್ತೆ ಹಚ್ಚಲು ಹೋಸ್ಟ್ ಆದವರು ಎಲ್ಲರನ್ನೂ ಮ್ಯೂಟ್ ಮಾಡಿ, ತಾವು ಮಾತಾಡುತ್ತಲೇ ಒಬ್ಬೊಬ್ಬರನ್ನಾಗಿ ಮ್ಯೂಟ್ ತೆಗೆಯಲು ಹೇಳಬೇಕು. ಯಾರ ಮೈಕ್ ತೆರೆದಾಗ ಪ್ರತಿಧ್ವನಿ ಆರಂಭವಾಗುತ್ತದೋ ಅವರು ಹೆಡ್‌ಸೆಟ್ ಹಾಕಿಕೊಂಡರೆ ಅಥವಾ ಸ್ಪೀಕರಿನ ದನಿ ತಗ್ಗಿಸಿದರೆ ಸಮಸ್ಯೆ ನಿಲ್ಲುತ್ತದೆ.

ಪ್ರತಿಧ್ವನಿಯಲ್ಲದೆ ಕಿವಿ ಗುಂಯ್‌ಗುಡುವಂಥ ಕೂಗು ಬಂದರೆ ಕಾರಣ ಬೇರೆ. ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್‌ಗಳು ಒಂದೇ ಮೀಟಿಂಗ್‌ಗೆ ಸೇರಿರುತ್ತವೆ, ಅಥವಾ ಒಬ್ಬರೇ ಲ್ಯಾಪ್‌ಟಾಪ್‌ನಿಂದಲೂ ಫೋನ್‌ನಿಂದಲೂ ಸೇರಿರುತ್ತಾರೆ. ಒಂದರ ಸ್ಪೀಕರ್ ಇನ್ನೊಂದರ ಮೈಕಿಗೆ ದನಿ ಉಣಿಸುತ್ತಾ ಹೋಗುತ್ತದೆ. ಇಂಥಲ್ಲಿ ಎರಡನೆಯ ಉಪಕರಣದ ಮೈಕ್ ಮಾತ್ರವಲ್ಲ, ಸ್ಪೀಕರನ್ನೂ ಆರಿಸಬೇಕು. ಮೈಕ್ ಮಾತ್ರ ಆರಿಸಿದರೆ ಅದರ ಸ್ಪೀಕರಿನಿಂದ ಹೊರಡುವ ಎಲ್ಲರ ಮಾತೂ ಪಕ್ಕದ ಲ್ಯಾಪ್‌ಟಾಪ್‌ನ ಮೈಕಿಗೆ ಬೀಳುತ್ತಲೇ ಇರುತ್ತದೆ.

ನಿಮ್ಮ ದನಿ ಹೋಗುತ್ತಿಲ್ಲ

ಈ ದೂರಿಗೆ ಕಾರಣಗಳು ಹಲವಾದರೂ ದನಿ ಸಾಗುವ ದಾರಿಯನ್ನು ಹಿಡಿದು ನಡೆದರೆ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ದನಿ ಮೊದಲು ಮೈಕಿಗೆ ಬೀಳಬೇಕು, ಅಲ್ಲಿಂದ ಆಪರೇಟಿಂಗ್ ಸಿಸ್ಟಂಗೆ, ಅಲ್ಲಿಂದ ಆ್ಯಪ್‌ಗೆ, ಅಲ್ಲಿಂದ ಮೀಟಿಂಗ್‌ಗೆ. ಎಲ್ಲಿ ನಿಂತಿದೆ ಎಂದು ನೋಡುವುದಷ್ಟೇ ಕೆಲಸ.

ಈ ದಾರಿಯನ್ನು ಕೊನೆಯಿಂದ ಹಿಂದಕ್ಕೆ ನೋಡುವುದು ಬೇಗನೆ ಫಲ ಕೊಡುತ್ತದೆ. ಝೂಮ್‌ನಲ್ಲಿ ನಿಮ್ಮ ಹೆಸರಿನ ಪಕ್ಕ ಮೈಕಿನ ಚಿತ್ರವೇ ಕಾಣದಿದ್ದರೆ ನೀವು ಮೀಟಿಂಗ್‌ಗೆ ಸೇರಿದ್ದೀರಿ, ಆದರೆ ಅದರ ಆಡಿಯೊಗೆ ಸೇರಿಲ್ಲ. ಕೆಳಗಿನ ಪಟ್ಟಿಯಲ್ಲಿ “ಜಾಯಿನ್ ಆಡಿಯೊ” ಎಂಬುದು ಹಾಗೆಯೇ ಕಾದು ಕುಳಿತಿರುತ್ತದೆ. ಮೈಕಿನ ಚಿತ್ರದ ಮೇಲೆ ಅಡ್ಡಗೆರೆಯಿದ್ದರೆ ಮ್ಯೂಟ್ ಆಗಿದೆ. ಟೀಮ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಗೂಗಲ್ ಮೀಟ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿದರೆ, ವಿಂಡೋಸ್‌ನ ಝೂಮ್‌ನಲ್ಲಿ ಆಲ್ಟ್ ಮತ್ತು ಎ ಒತ್ತಿದರೆ ಮ್ಯೂಟ್ ಹೋಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ನೀವು ಮಾತಾಡುವಾಗ “ನೀವು ಮ್ಯೂಟ್ ಆಗಿದ್ದೀರಿ” ಎಂಬ ಸೂಚನೆ ಆ್ಯಪ್‌ನಿಂದಲೇ ಬಂದರೆ ಸಂತೋಷಪಡಿ: ನಿಮ್ಮ ದನಿ ಆ್ಯಪ್‌ನವರೆಗೆ ತಲುಪಿದೆ, ಮೈಕೂ ಅನುಮತಿಯೂ ಸರಿಯಾಗಿವೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಡ. ದೊಡ್ಡ ಸಭೆಗಳಲ್ಲಿ ಮ್ಯೂಟ್ ತೆಗೆಯುವ ಅಧಿಕಾರವನ್ನು ಹೋಸ್ಟ್ ತಮ್ಮಲ್ಲೇ ಇಟ್ಟುಕೊಂಡಿರುವುದೂ ಉಂಟು. ಆಗ ಗುಂಡಿ ಒತ್ತಿದರೂ ಕದಲುವುದಿಲ್ಲ, ಕೈ ಎತ್ತುವ ಚಿಹ್ನೆ ಒತ್ತಿ ಕಾಯಬೇಕು.

ಮ್ಯೂಟ್ ಇಲ್ಲದೆಯೂ ದನಿ ಹೋಗದಿದ್ದರೆ ಆ್ಯಪ್ ಯಾವ ಮೈಕನ್ನು ಕೇಳುತ್ತಿದೆ ಎಂದು ನೋಡಿ. ಮೈಕ್ ಗುಂಡಿಯ ಪಕ್ಕದ ಬಾಣದ ಗುರುತನ್ನು ಒತ್ತಿದರೆ ಪಟ್ಟಿ ತೆರೆಯುತ್ತದೆ. ಲ್ಯಾಪ್‌ಟಾಪ್‌ನ ಸ್ವಂತ ಮೈಕ್, ಹೆಡ್‌ಸೆಟ್‌ನ ಮೈಕ್, ವೆಬ್‌ಕ್ಯಾಮ್‌ನ ಮೈಕ್, ಜೇಬಿನಲ್ಲೋ ಚೀಲದಲ್ಲೋ ಮಲಗಿರುವ ಬ್ಲೂಟೂತ್ ಇಯರ್‌ಬಡ್‌ನ ಮೈಕ್ ಇವೆಲ್ಲ ಅಲ್ಲಿ ಸಾಲಾಗಿರುತ್ತವೆ. ನನ್ನ ಅನುಭವದಲ್ಲಿ ಹೆಚ್ಚಿನ ದೂರುಗಳು ಇಲ್ಲಿಯೇ ಕೊನೆಗೊಳ್ಳುತ್ತವೆ. ಕೇಳುವ ದನಿಗೂ ಇದೇ ಮಾತು ಸಲ್ಲುತ್ತದೆ: ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ ತಂತಿಯಿಂದ ದೊಡ್ಡ ಮಾನಿಟರ್ ಜೋಡಿಸಿದೊಡನೆ ವಿಂಡೋಸ್ ದನಿಯನ್ನು ಆ ಮಾನಿಟರಿಗೆ ತಿರುಗಿಸಿಬಿಡಬಹುದು, ಅದರಲ್ಲಿ ಸ್ಪೀಕರ್ ಇಲ್ಲದಿದ್ದರೆ ಎಲ್ಲರೂ ಮೂಕರಾದಂತೆ ತೋರುತ್ತದೆ.

ಮೈಕ್ ಸರಿಯಾಗಿಯೇ ಆಯ್ಕೆಯಾಗಿದ್ದು, ಮಾತಾಡಿದಾಗ ಅದರ ಪಕ್ಕದ, ದನಿಯ ಮಟ್ಟ ತೋರಿಸುವ ಗೆರೆ ಕುಣಿಯದಿದ್ದರೆ ಅನುಮತಿಯನ್ನು ಪರಿಶೀಲಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು “ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ” ಎಂಬಲ್ಲಿ ಮೈಕ್ರೋಫೋನ್ ಪುಟಕ್ಕೆ ಹೋದರೆ ಒಟ್ಟಾರೆ ಅನುಮತಿಯ ಜೊತೆಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆಂದು ಪ್ರತ್ಯೇಕ ಅನುಮತಿಯೂ ಕಾಣುತ್ತದೆ, ಎರಡೂ ತೆರೆದಿರಬೇಕು. ಆ್ಯಪಲ್ ಕಂಪ್ಯೂಟರುಗಳಲ್ಲಿ 2018ರ ಮೊಹಾವಿ ಆವೃತ್ತಿಯಿಂದ ಈಚೆಗೆ ಪ್ರತಿ ಆ್ಯಪ್‌ಗೂ ಮೈಕ್ ಮತ್ತು ಕ್ಯಾಮೆರಾದ ಅನುಮತಿಯನ್ನು ಬೇರೆಬೇರೆಯಾಗಿ ಕೊಡಬೇಕು. ಅವಸರದಲ್ಲಿ ಒಮ್ಮೆ “ಬೇಡ” ಎಂದು ಒತ್ತಿದವರಿಗೆ ಅದು ಮತ್ತೆ ಕೇಳುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ತಾವೇ ತೆರೆಯಬೇಕು. ಬ್ರೌಸರಿನಿಂದ ಸೇರುವವರಿಗೆ ಇನ್ನೂ ಒಂದು ಬಾಗಿಲಿದೆ: ವಿಳಾಸ ಪಟ್ಟಿಯ ಎಡತುದಿಯ ಚಿಹ್ನೆಯನ್ನು ಒತ್ತಿದರೆ ಆ ತಾಣಕ್ಕೆ ಮೈಕ್ ಕೊಟ್ಟಿದ್ದೀರೋ ಇಲ್ಲವೋ ತಿಳಿಯುತ್ತದೆ.

ಕೊನೆಗೆ ಉಳಿಯುವುದು ತಂತಿ ಮತ್ತು ಪಿನ್ನು. ಹೆಡ್‌ಸೆಟ್‌ನ ತಂತಿಯ ಮೇಲೆಯೇ ಮ್ಯೂಟ್ ಗುಂಡಿಯಿದ್ದರೆ ಅದು ಆ್ಯಪ್‌ಗೆ ತಿಳಿಯದಂತೆ ದನಿಯನ್ನು ಕತ್ತರಿಸಬಲ್ಲದು. ಪಿನ್ನಿನ ಮೇಲಿನ ಕಪ್ಪು ಗೆರೆಗಳನ್ನು ಎಣಿಸಿ: ಮೂರಿದ್ದರೆ ಕೇಳುವ ದನಿಯೂ ಮೈಕೂ ಒಂದೇ ಪಿನ್ನಿನಲ್ಲಿವೆ, ಎರಡಿದ್ದರೆ ಕೇಳುವ ದನಿ ಮಾತ್ರ. ಮೂರು ಗೆರೆಯ ಪಿನ್ನನ್ನು ಹಳೆಯ ಡೆಸ್ಕ್‌ಟಾಪ್‌ನ ಹಸಿರು ತೂತಿಗೆ ಸಿಕ್ಕಿಸಿದರೆ ಹಾಡು ಕೇಳುತ್ತದೆ, ಮೈಕ್ ಕೆಲಸ ಮಾಡುವುದಿಲ್ಲ. ಹಸಿರು ಮತ್ತು ಗುಲಾಬಿ ಎಂದು ಎರಡಾಗಿ ಕವಲೊಡೆಯುವ ಸಣ್ಣ ತಂತಿಯೊಂದು ಇದಕ್ಕೆ ಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಂಗಡಿಯವರಿಗೆ ಪಿನ್ನನ್ನು ತೋರಿಸಿದರೆ ಸಾಕು, ಹೆಸರು ಹೇಳುವ ಅಗತ್ಯವೂ ಬೀಳದು.

ಬ್ಲೂಟೂತ್‌ನಲ್ಲಿ ಹಾಡು ಚೆಂದ, ಮಾತು ಮಂಕು

ಹಾಡು ಕೇಳುವಾಗ ಸೊಗಸಾಗಿದ್ದ ಇಯರ್‌ಫೋನ್ ಮೀಟಿಂಗ್ ಶುರುವಾದೊಡನೆ ಹಳೆಯ ಟ್ರಂಕ್ ಕಾಲ್‌ನಂತೆ ಕೇಳತೊಡಗಿದರೆ ಅದು ಕೆಟ್ಟಿಲ್ಲ. ಸಾಮಾನ್ಯ ಬ್ಲೂಟೂತ್‌ನಲ್ಲಿ ದನಿಗೆ ಎರಡು ಬಗೆಯ ಹಾದಿಗಳಿವೆ: ಒಂದು ಕೇಳುವುದಕ್ಕೆ ಮಾತ್ರ, ಉತ್ತಮ ಗುಣಮಟ್ಟದ್ದು, ಇನ್ನೊಂದು ಕೇಳುವುದಕ್ಕೂ ಮಾತಾಡುವುದಕ್ಕೂ, ಕಿರಿದಾದದ್ದು. ಆ್ಯಪ್ ಇಯರ್‌ಫೋನ್‌ನ ಮೈಕನ್ನು ತೆರೆದ ಕ್ಷಣ ಕಂಪ್ಯೂಟರ್ ಎರಡನೆಯ ಹಾದಿಗೆ ಹೊರಳುತ್ತದೆ. ಅಲ್ಲಿ ದನಿಯನ್ನು ಸೆಕೆಂಡಿಗೆ 8,000 ಅಥವಾ 16,000 ಬಾರಿ ಅಳೆಯಲಾಗುತ್ತದೆ, ಸಂಗೀತದ ಸಿ.ಡಿ.ಯಲ್ಲಿ ಈ ಸಂಖ್ಯೆ 44,100. ಪರಿಹಾರ ಸುಲಭವಿದೆ: ಕೇಳುವುದಕ್ಕೆ ಇಯರ್‌ಫೋನನ್ನೂ ಮಾತಾಡುವುದಕ್ಕೆ ಲ್ಯಾಪ್‌ಟಾಪ್‌ನ ಸ್ವಂತ ಮೈಕನ್ನೂ ಆಯ್ಕೆ ಮಾಡಿ. ದಿನಕ್ಕೆ ನಾಲ್ಕೈದು ಗಂಟೆ ಮೀಟಿಂಗ್‌ನಲ್ಲಿ ಕೂರುವವರು ಯುಎಸ್‌ಬಿ ತಂತಿಯ ಹೆಡ್‌ಸೆಟ್ ಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಚಾರ್ಜ್ ಬೇಕಿಲ್ಲ, ಮಾತಿನ ನಡುವೆ ಜೇಬಿನ ಫೋನ್‌ಗೆ ಕರೆ ಬಂದಾಗ ಅದು ಅತ್ತ ಓಡಿಹೋಗುವುದೂ ಇಲ್ಲ.

ದನಿ ಕಡಿಕಡಿದು ಬರುವುದು

ಇದು ಇಂಟರ್ನೆಟ್ಟಿನ ದೋಷವೆಂದು ಎಲ್ಲರಿಗೂ ಗೊತ್ತು. ಆದರೆ ಇಂಟರ್ನೆಟ್ ಎಂದರೆ ಯಾವುದು? ಲ್ಯಾಪ್‌ಟಾಪ್‌ನಿಂದ ರೂಟರ್‌ವರೆಗಿನ ವೈಫೈ ಒಂದು, ರೂಟರ್‌ನಿಂದ ಆಚೆಗಿನ ಕೇಬಲ್ ಇನ್ನೊಂದು. ಮೊದಲನೆಯದು ನಿಮ್ಮ ಕೈಯಲ್ಲಿದೆ, ಎರಡನೆಯದು ಸಂಪರ್ಕ ಕೊಟ್ಟವರ ಕೈಯಲ್ಲಿ. ಇವೆರಡನ್ನು ಬೇರ್ಪಡಿಸದೆ ಗ್ರಾಹಕ ಸೇವೆಗೆ ಫೋನ್ ಮಾಡಿದರೆ “ನಮ್ಮ ಕಡೆ ಎಲ್ಲಾ ಸರಿ ಇದೆ ಸಾರ್” ಎಂಬ ಉತ್ತರ ಬರುತ್ತದೆ, ಮತ್ತು ಎಷ್ಟೋ ಸಲ ಅವರು ಹೇಳುವುದು ನಿಜವೂ ಆಗಿರುತ್ತದೆ.

ಬೇರ್ಪಡಿಸುವ ಉಪಾಯ ಪಿಂಗ್ ಎಂಬ ಆದೇಶ: ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅದು ತೋರಿಸುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ರೂಟರಿನ ವಿಳಾಸಕ್ಕೆ ಪಿಂಗ್ ಮಾಡಿ. ಹಲವು ಮನೆಗಳಲ್ಲಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ, ರೂಟರಿನ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲೆ ಅಚ್ಚಾಗಿರುವುದೂ ಸಾಮಾನ್ಯ. ಬಳಿಕ 8.8.8.8 ಎಂಬ ಗೂಗಲ್‌ನ ಸಾರ್ವಜನಿಕ ವಿಳಾಸಕ್ಕೆ ಪಿಂಗ್ ಮಾಡಿ. ರೂಟರಿನಿಂದ ಉತ್ತರ ಬರಲು ಕೆಲವೇ ಮಿಲಿಸೆಕೆಂಡು ಸಾಕು. ಅದೇ ಒಮ್ಮೆ 5, ಒಮ್ಮೆ 300 ಎಂದು ಜಿಗಿದಾಡುತ್ತಿದ್ದರೆ ಅಥವಾ ನಡುನಡುವೆ ಉತ್ತರವೇ ಬಾರದಿದ್ದರೆ ದೋಷ ವೈಫೈಯಲ್ಲಿದೆ. ರೂಟರ್ ಸ್ಥಿರವಾಗಿದ್ದು ಹೊರಗಿನ ವಿಳಾಸ ಮಾತ್ರ ಜಿಗಿದಾಡಿದರೆ ದೋಷ ರೂಟರಿನ ಆಚೆಗಿದೆ, ಈಗ ಧೈರ್ಯವಾಗಿ ಫೋನ್ ಮಾಡಬಹುದು.

ವೇಗ ಅಳೆಯುವ ತಾಣದಲ್ಲಿ 100 ಎಂಬಿಪಿಎಸ್ ತೋರಿಸುತ್ತಿದೆ, ಆದರೂ ದನಿ ಕಡಿಯುತ್ತಿದೆ ಎಂಬುದು ಪದೇಪದೇ ಕೇಳುವ ಮಾತು. ಮೀಟಿಂಗ್‌ಗೆ ಬೇಕಾದ ವೇಗ ನಿಜಕ್ಕೂ ಬಹಳ ಕಡಿಮೆ. ಝೂಮ್‌ನವರ ಲೆಕ್ಕದಂತೆ ದನಿಗೆ ಮಾತ್ರವಾದರೆ 60ರಿಂದ 80 ಕೆಬಿಪಿಎಸ್ (ಸಾವಿರ ಕೆಬಿಪಿಎಸ್ ಎಂದರೆ ಒಂದು ಎಂಬಿಪಿಎಸ್) ಸಾಕು, ಇಬ್ಬರ ನಡುವಿನ ಉತ್ತಮ ವಿಡಿಯೊಗೆ 600 ಕೆಬಿಪಿಎಸ್. ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ನಿಯತ್ತು. ಸಿನಿಮಾ ನೋಡುವಾಗ ಮುಂದಿನ ಭಾಗವನ್ನು ಮೊದಲೇ ತಂದಿಟ್ಟುಕೊಳ್ಳಬಹುದು, ಮಾತನ್ನು ಹಾಗೆ ತಂದಿಡಲು ಬರುವುದಿಲ್ಲ. ಮಾತು ಸಣ್ಣಸಣ್ಣ ತುಣುಕುಗಳಾಗಿ ಸಾಗುತ್ತದೆ; ತಡವಾಗಿ ಬಂದ ತುಣುಕನ್ನು ಆ್ಯಪ್ ಎಸೆದುಬಿಡುತ್ತದೆ, ಅಲ್ಲಿ ಮಾತು ಕಡಿಯುತ್ತದೆ. ತುಣುಕು ತಲುಪಲು ಹಿಡಿಯುವ ಸಮಯ 150 ಮಿಲಿಸೆಕೆಂಡಿನೊಳಗೆ, ಆ ಸಮಯದ ಏರುಪೇರು 40 ಮಿಲಿಸೆಕೆಂಡಿನೊಳಗೆ, ಕಳೆದುಹೋಗುವ ತುಣುಕುಗಳು ನೂರಕ್ಕೆ ಎರಡರೊಳಗೆ ಇರಬೇಕೆಂದು ಝೂಮ್ ಹೇಳುತ್ತದೆ. ಈ ಅಂಕಿಗಳನ್ನು ಮೀಟಿಂಗ್ ನಡೆಯುವಾಗಲೇ ನೋಡಬಹುದು: ಝೂಮ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂಬ ಪುಟವಿದೆ, ಟೀಮ್ಸ್‌ನಲ್ಲಿ “ಕಾಲ್ ಹೆಲ್ತ್” ಎಂಬುದಿದೆ.

ವೈಫೈಯಲ್ಲಿ ದೋಷವಿದೆಯೆಂದು ತಿಳಿದರೆ 2.4 ಗಿಗಾಹರ್ಟ್ಸ್‌ನಿಂದ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ಅಪಾರ್ಟ್‌ಮೆಂಟಿನ ಹತ್ತಾರು ರೂಟರುಗಳು, ಬ್ಲೂಟೂತ್ ಮತ್ತು ಮೈಕ್ರೋವೇವ್ ಓವನ್ ಎಲ್ಲವೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತವೆ. ಪ್ರತಿ ಸಂಜೆ ಒಂದೆರಡು ನಿಮಿಷ ಮಾತ್ರ ದನಿ ಕಡಿಯುತ್ತದೆಂದು ಸಹೋದ್ಯೋಗಿಯೊಬ್ಬರು ವಾರಗಟ್ಟಲೆ ದೂರಿದರು. ಅಡುಗೆಮನೆಯ ಗೋಡೆಗೆ ಆತು ನಿಂತ ರೂಟರ್, ಗೋಡೆಯ ಆಚೆ ಹಾಲು ಬಿಸಿಮಾಡುವ ಓವನ್, ಇಷ್ಟೇ ಅದರ ಹಿಂದಿನ ರಹಸ್ಯ. ಇದಕ್ಕಿಂತಲೂ ನಿರ್ಣಾಯಕವಾದ ಪರೀಕ್ಷೆ ಬೇಕಿದ್ದರೆ ರೂಟರಿಗೆ ನೇರವಾಗಿ ಲ್ಯಾನ್ ಕೇಬಲ್ ಹಾಕಿ ನೋಡಿ.

ಅಪ್‌ಲೋಡ್ ಕಡೆಗೆ ಗಮನ ಕೊಡುವವರು ಕಡಿಮೆ. ಮನೆಯಲ್ಲಿ ಯಾರದೋ ಫೋನ್ ಮದುವೆಮನೆಯಲ್ಲಿ ತೆಗೆದ ನೂರಾರು ಫೋಟೊ, ವಿಡಿಯೊಗಳನ್ನು ಕ್ಲೌಡ್‌ಗೆ ಏರಿಸುತ್ತಿದ್ದರೆ ಹೊರಹೋಗುವ ದಾರಿ ಅದರಿಂದಲೇ ತುಂಬಿ, ನಿಮ್ಮ ಮಾತಿನ ತುಣುಕುಗಳು ರೂಟರಿನಲ್ಲಿ ಸರದಿ ಕಾಯುತ್ತವೆ. ಇದರ ಗುರುತು ಸ್ಪಷ್ಟವಾಗಿದೆ: ಉಳಿದವರ ದನಿ ನಿಮಗೆ ಚೆನ್ನಾಗಿ ಕೇಳುತ್ತದೆ, ನಿಮ್ಮ ದನಿ ಮಾತ್ರ ಅವರಿಗೆ ಕಡಿಯುತ್ತದೆ. ಕಚೇರಿಯ ವಿಪಿಎನ್ (ಹೊರಗಿನಿಂದ ಕಚೇರಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ಸಂಪರ್ಕ) ಹಾಕಿಕೊಂಡಾಗ ಮಾತ್ರ ಕಡಿಯುತ್ತಿದ್ದರೆ ಮೀಟಿಂಗ್‌ನ ದನಿಯೂ ಕಚೇರಿಯನ್ನು ಸುತ್ತಿ ಬರುತ್ತಿದೆ ಎಂದರ್ಥ. ಅದನ್ನು ವಿಪಿಎನ್‌ನಿಂದ ಹೊರಗಿಡುವ ವ್ಯವಸ್ಥೆಯನ್ನು ನೆಟ್‌ವರ್ಕ್ ನೋಡಿಕೊಳ್ಳುವವರೇ ಮಾಡಬೇಕು. ಅವರಿಗೆ ಇನ್ನೊಂದು ಸುಳಿವು: ಜಾಲದ ಕಾವಲಾದ ಫೈರ್‌ವಾಲ್, ದನಿಯನ್ನು ಬೇಗ ಸಾಗಿಸುವ ಯುಡಿಪಿ ಸಂಚಾರವನ್ನು ತಡೆದರೆ ಈ ಆ್ಯಪ್‌ಗಳು ಸುಮ್ಮನೆ ನಿಧಾನವಾದ ಟಿಸಿಪಿಯ 443ನೇ ಪೋರ್ಟಿಗೆ ಇಳಿದು ಕೆಲಸ ಮುಂದುವರಿಸುತ್ತವೆ, ಆದ್ದರಿಂದ ತಡೆ ಇರುವುದೇ ಗೊತ್ತಾಗದೆ ದನಿ ಮಾತ್ರ ಎಳೆಯುತ್ತಿರುತ್ತದೆ. ಟೀಮ್ಸ್‌ಗೆ ಯುಡಿಪಿ ಪೋರ್ಟ್ 3478ರಿಂದ 3481, ಝೂಮ್‌ಗೆ 8801ರಿಂದ 8810 ತೆರೆದಿರಬೇಕು.

ಕರೆಂಟು ಹೋಗಿ ಬರುವ ಊರುಗಳಲ್ಲಿ ಇನ್ನೊಂದು ಕಾರಣವಿದೆ. ಇನ್ವರ್ಟರ್ ಚಾಲೂ ಆಗುವ ಕ್ಷಣಾರ್ಧದಲ್ಲಿ ಫ್ಯಾನು ನಿಲ್ಲುವುದಿಲ್ಲ, ಬ್ಯಾಟರಿಯಿರುವ ಲ್ಯಾಪ್‌ಟಾಪ್‌ಗೆ ಗೊತ್ತೂ ಆಗುವುದಿಲ್ಲ, ಆದರೆ ರೂಟರ್ ಮಾತ್ರ ಆರಿ ಹೊತ್ತಿಕೊಂಡು ಮತ್ತೆ ಸಂಪರ್ಕ ಹಿಡಿಯಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಇದಕ್ಕೆ ಮದ್ದು. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದೆಯೋ 9 ವೋಲ್ಟ್ ಎಂದಿದೆಯೋ ನೋಡಿಕೊಳ್ಳಿ. ಫೈಬರ್ ಸಂಪರ್ಕಕ್ಕೆ ಬೇರೆಯೇ ಪೆಟ್ಟಿಗೆಯಿದ್ದರೆ ಅದಕ್ಕೂ ಬ್ಯಾಟರಿ ಬೇಕು, ಇಲ್ಲವಾದರೆ ರೂಟರ್ ಉರಿಯುತ್ತಿದ್ದರೂ ಇಂಟರ್ನೆಟ್ ಇರುವುದಿಲ್ಲ.

ದನಿ 40 ನಿಮಿಷಕ್ಕೆ ಸರಿಯಾಗಿ ಎಲ್ಲರಿಗೂ ಒಟ್ಟಿಗೆ ನಿಂತರೆ ಇದಾವುದನ್ನೂ ಪರೀಕ್ಷಿಸಬೇಡಿ. ಝೂಮ್‌ನ ಉಚಿತ ಖಾತೆಯ ಅವಧಿ ಅಷ್ಟೇ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ ಅದು 60 ನಿಮಿಷ.

ಶ್ರುತಿಯನ್ನು ನುಂಗುವ ಆ್ಯಪ್

ಕುಕ್ಕರಿನ ಸೀಟಿ, ಫ್ಯಾನಿನ ಮೊರೆತ, ಬೀದಿಯ ಹಾರ್ನ್ ಇವುಗಳನ್ನು ಸೋಸಿ ತೆಗೆಯುವ ಸೌಲಭ್ಯ ಈಗ ಎಲ್ಲ ಆ್ಯಪ್‌ಗಳಲ್ಲೂ ಇದೆ. ಅದರ ಅಡ್ಡಪರಿಣಾಮ ಹೆಚ್ಚು ಕಾಡುವುದು ಆನ್‌ಲೈನ್‌ನಲ್ಲಿ ಸಂಗೀತ ಪಾಠ ಹೇಳುವವರನ್ನು. ಒಂದೇ ಸಮನೆ ಮೊಳಗುವ ದನಿಯನ್ನು ಆ್ಯಪ್ ಗದ್ದಲವೆಂದು ಎಣಿಸುವುದರಿಂದ, ಇಲ್ಲಿ ತಂಬೂರಿ ಅಥವಾ ಶ್ರುತಿಪೆಟ್ಟಿಗೆ ಮೀಟುತ್ತಿದ್ದರೂ ಅಮೆರಿಕದಲ್ಲಿ ಕುಳಿತ ಶಿಷ್ಯರಿಗೆ ಅದು ಮೆಲ್ಲಮೆಲ್ಲನೆ ಮಾಯವಾಗುತ್ತದೆ. ಹಾಡಿನ ದೀರ್ಘ ಸ್ವರವೂ ನಡುವೆ ಕುಸಿಯುತ್ತದೆ. ಮೈಕ್ ಬದಲಿಸಿದರೆ ಇದು ಹೋಗದು. ಝೂಮ್‌ನಲ್ಲಿ “ಒರಿಜಿನಲ್ ಸೌಂಡ್” ಎಂಬ ಆಯ್ಕೆಯನ್ನು ತೆರೆಯಬೇಕು, ಮೀಟ್‌ನಲ್ಲಿ ಗದ್ದಲ ತೆಗೆಯುವ ಸೌಲಭ್ಯವನ್ನು ಆರಿಸಬೇಕು. ಆ ಬಳಿಕ ಪ್ರತಿಧ್ವನಿಯನ್ನು ತಡೆಯುವ ಕಾವಲೂ ಸಡಿಲವಾಗುವುದರಿಂದ ಹೆಡ್‌ಫೋನ್ ಕಡ್ಡಾಯವೆಂದು ತಿಳಿಯಿರಿ.

ಕ್ಯಾಮೆರಾ ಮತ್ತು ಪರದೆ ಹಂಚಿಕೆ

ಕ್ಯಾಮೆರಾದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಚಿತ್ರ ಕಪ್ಪಾಗಿದ್ದರೆ ಮೊದಲು ಲೆನ್ಸಿನ ಮೇಲಿನ ಜಾರುಮುಚ್ಚಳವನ್ನು ನೋಡಿ; ಬಳಿಕ ಬೇರೊಂದು ಆ್ಯಪ್ ಕ್ಯಾಮೆರಾವನ್ನು ಹಿಡಿದಿಟ್ಟುಕೊಂಡಿದೆಯೇ, ಮೈಕಿನಂತೆ ಇದಕ್ಕೂ ಅನುಮತಿ ಇದೆಯೇ ಎಂದು ನೋಡಿದರೆ ಸಾಕು.

ಪರದೆ ಹಂಚುವಾಗ ನಿಮಗೆ ಎಲ್ಲವೂ ಕಂಡು ಉಳಿದವರಿಗೆ ಕಪ್ಪು ಚೌಕ ಮಾತ್ರ ಕಂಡರೆ ಕಾರಣಗಳು ಮೂರ್ನಾಲ್ಕು. ಆ್ಯಪಲ್ ಕಂಪ್ಯೂಟರಿನಲ್ಲಿ 2019ರ ಕ್ಯಾಟಲೀನಾದಿಂದ ಈಚೆಗೆ ಪರದೆ ಸೆರೆಹಿಡಿಯಲು ಪ್ರತ್ಯೇಕ ಅನುಮತಿ ಬೇಕು, ಅದನ್ನು ಕೊಟ್ಟ ಮೇಲೆ ಆ್ಯಪನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಹೀಗಾಗಿ ಮೊದಲ ಬಾರಿ ಪರದೆ ಹಂಚುವವರು ಮೀಟಿಂಗ್‌ಗೆ ಮುಂಚೆಯೇ ಒಮ್ಮೆ ಪ್ರಯತ್ನಿಸಿಡುವುದು ಕ್ಷೇಮ. ಓಟಿಟಿ ಸಿನಿಮಾದಂಥ ಹಕ್ಕು ಕಾಯ್ದಿರಿಸಿದ ವಿಡಿಯೊ ಕಪ್ಪಾಗಿ ಕಾಣುವುದು ಉದ್ದೇಶಪೂರ್ವಕವಾದದ್ದು, ದೋಷವಲ್ಲ. ಇವೆರಡೂ ಅಲ್ಲದಿದ್ದರೆ ಬ್ರೌಸರಿನ ಅಥವಾ ಆ್ಯಪ್‌ನ ಹಾರ್ಡ್‌ವೇರ್ ಆ್ಯಕ್ಸಿಲರೇಷನ್ (ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಸೌಲಭ್ಯ) ಆರಿಸಿ ನೋಡಬಹುದು. ಎಕ್ಸೆಲ್ ಹಾಳೆಯ ಅಕ್ಷರ ಮಸುಕಾಗಿ ಕಂಡರೆ ಝೂಮ್‌ನಲ್ಲಿ ವಿಡಿಯೊ ತುಣುಕಿಗೆಂದು ಇರುವ ಆಯ್ಕೆಯನ್ನು ಯಾರೋ ಗುರುತು ಹಾಕಿ ಬಿಟ್ಟಿರುತ್ತಾರೆ. ಅದು ಚಲನೆಯನ್ನು ನಯಗೊಳಿಸಲು ಸ್ಪಷ್ಟತೆಯನ್ನು ಬಲಿಕೊಡುತ್ತದೆ. ವಿಡಿಯೊ ತೋರಿಸಿದಾಗ ಚಿತ್ರ ಹೋಗಿ ದನಿ ಹೋಗದಿದ್ದರೆ, ಹಂಚುವ ಕಿಟಕಿಯಲ್ಲೇ ಇರುವ ದನಿ ಹಂಚಿಕೆಯ ಗುರುತನ್ನು ಹಾಕಿಲ್ಲವೆಂದು ಅರ್ಥ.

ಬೇರೆ ಖಾತೆ, ಬೇರೆ ಗಡಿಯಾರ

ಲಿಂಕ್ ಒತ್ತಿದರೆ ಒಳಗೆ ಬಿಡುತ್ತಿಲ್ಲ, ಹೊರಗೇ ಕಾಯಿಸುತ್ತಿದೆ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಎರಡು ಖಾತೆಗಳ ಗೊಂದಲ. ಬ್ರೌಸರಿನಲ್ಲಿ ಸ್ವಂತ ಜಿಮೇಲ್ ಮೊದಲು ತೆರೆದಿದ್ದರೆ ಮೀಟ್ ಲಿಂಕ್ ಆ ಖಾತೆಯಿಂದಲೇ ಬಾಗಿಲು ತಟ್ಟುತ್ತದೆ, ಒಳಗಿರುವವರಿಗೆ ನೀವು ಹೊರಗಿನವರಂತೆ ಕಾಣುತ್ತೀರಿ. ಕಚೇರಿಗೊಂದು, ಮನೆಗೊಂದು ಎಂದು ಕ್ರೋಮ್‌ನಲ್ಲಿ ಎರಡು ಪ್ರೊಫೈಲ್ ಮಾಡಿಕೊಂಡರೆ ಈ ತಾಪತ್ರಯ ಶಾಶ್ವತವಾಗಿ ತಪ್ಪುತ್ತದೆ.

ಇನ್ನು ಮೀಟಿಂಗ್ ಒಂದು ಗಂಟೆ ಹಿಂದುಮುಂದಾಗುವುದು. ಭಾರತದ ಗಡಿಯಾರ ವರ್ಷವಿಡೀ ಒಂದೇ. ಅಮೆರಿಕದಲ್ಲಿ ಮಾರ್ಚಿ ತಿಂಗಳ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿ ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ಮುಂದಕ್ಕೆ ಹೋಗುವುದು ಮಾರ್ಚಿಯ ಕೊನೆಯ ಭಾನುವಾರ, ಹಿಂದಕ್ಕೆ ಬರುವುದು ಅಕ್ಟೋಬರಿನ ಕೊನೆಯ ಭಾನುವಾರ. ನ್ಯೂಯಾರ್ಕಿನ ಬೆಳಗಿನ 9 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6.30 ಆದರೆ ಚಳಿಗಾಲದಲ್ಲಿ 7.30. ಇಲ್ಲಿಯೂ ಪ್ರಶ್ನೆ ಯಾರ ಕಡೆ ಎಂಬುದೇ: ಮೀಟಿಂಗನ್ನು ಕ್ಯಾಲೆಂಡರಿನಲ್ಲಿ ಅಲ್ಲಿಯವರು ಇಟ್ಟಿದ್ದರೆ ಸಮಯ ನಮಗೆ ಸರಿದಾಡುತ್ತದೆ, ಇಲ್ಲಿಯವರು ಇಟ್ಟಿದ್ದರೆ ಅವರಿಗೆ ಸರಿದಾಡುತ್ತದೆ. ಅಮೆರಿಕ ಮತ್ತು ಬ್ರಿಟನ್ ಎರಡೂ ಸೇರುವ ಮೀಟಿಂಗ್ ಆದರೆ ಮಾರ್ಚಿಯಲ್ಲಿ ಎರಡು ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ ಯಾರಾದರೊಬ್ಬರು ತಪ್ಪು ಹೊತ್ತಿಗೆ ಬರುವುದು ಖಚಿತ. ವಿಂಡೋಸ್‌ನ ಸಮಯ ವಲಯದ ಪಟ್ಟಿಯಲ್ಲಿ ಬೆಂಗಳೂರನ್ನು ಹುಡುಕಿ ಸಿಗದೆ ಬೇರಾವುದನ್ನೋ ಆಯ್ದವರನ್ನೂ ಕಂಡಿದ್ದೇನೆ. ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದಿರುವ ಸಾಲೇ ನಮ್ಮದು.

ಚಾಟ್ ಸಂದೇಶದ ತೊಂದರೆಗಳು

ಫೋನ್‌ಗೆ ಸಂದೇಶದ ಸೂಚನೆ ಬರುತ್ತಿಲ್ಲವೆಂದರೆ ಮೊದಲು ಶಂಕಿಸಬೇಕಾದದ್ದು ಫೋನನ್ನಲ್ಲ, ಲ್ಯಾಪ್‌ಟಾಪನ್ನು. ನೀವು ಕಂಪ್ಯೂಟರಿನಲ್ಲಿ ಸಕ್ರಿಯವಾಗಿದ್ದೀರೆಂದು ತಿಳಿದರೆ ಫೋನ್‌ಗೆ ಸೂಚನೆ ಕಳಿಸದಿರುವ ಸೌಲಭ್ಯ ಟೀಮ್ಸ್ ಮತ್ತು ಸ್ಲ್ಯಾಕ್ ಎರಡರಲ್ಲೂ ಇದೆ. ಕಂಪ್ಯೂಟರನ್ನು ಲಾಕ್ ಮಾಡಿ ಐದಾರು ನಿಮಿಷ ಬಿಟ್ಟು ಸಹೋದ್ಯೋಗಿಯಿಂದ ಸಂದೇಶ ಹಾಕಿಸಿ ನೋಡಿ. ಆಗ ಬಂದರೆ ಯಾವುದೂ ಕೆಟ್ಟಿಲ್ಲ. ಆಗಲೂ ಬಾರದಿದ್ದರೆ ಆ್ಯಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ ಆ್ಯಪನ್ನು ಹೊರಗಿಡಿ. ಸೂಚನೆ ರಾತ್ರಿ ಪಾಳಿಯಲ್ಲಿ ಮಾತ್ರ ನಿಲ್ಲುತ್ತಿದ್ದರೆ ಆ್ಯಪ್‌ನೊಳಗಿನ ಮೌನದ ವೇಳಾಪಟ್ಟಿಯನ್ನು ತೆರೆದು ನೋಡಿ.

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಬರುವ ದೋಷವೊಂದಿದೆ. ವರ್ಡ್ ಕಡತದಿಂದ ನಕಲಿಸಿ ಚಾಟ್‌ಗೆ ಅಂಟಿಸಿದ ಸುತ್ತೋಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಎಲ್ಲರಿಗೂ ಹಾಗೆಯೇ ಕಂಡರೆ ದೋಷ ಕಳಿಸಿದವರ ಕಡೆಯದು: ಪಠ್ಯ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದೆ. ಆ ಫಾಂಟುಗಳಲ್ಲಿ ಕಂಪ್ಯೂಟರ್ ಕಾಪಿಟ್ಟುಕೊಳ್ಳುವುದು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳನ್ನೇ, ಕನ್ನಡದ ಆಕಾರ ಕೊಡುವುದು ಫಾಂಟು ಮಾತ್ರ. ಚಾಟ್‌ನಲ್ಲಿ ಆ ಫಾಂಟ್ ಇಲ್ಲದಿರುವುದರಿಂದ ಒಳಗಿದ್ದದ್ದು ಹೊರಗೆ ಬೀಳುತ್ತದೆ. ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೇ ಬರುವ ಪರಿವರ್ತಕದಿಂದ ಯೂನಿಕೋಡ್‌ಗೆ (ಕನ್ನಡದ ಅಕ್ಷರಗಳಿಗೂ ತಮ್ಮದೇ ಸಂಕೇತಗಳಿರುವ ಪದ್ಧತಿಗೆ) ಬದಲಾಯಿಸಿ ಕಳಿಸಬೇಕು. ಅಕ್ಷರಗಳ ಬದಲು ಖಾಲಿ ಚೌಕಗಳು ಒಬ್ಬರಿಗೆ ಮಾತ್ರ ಕಂಡರೆ ದೋಷ ಆ ಒಬ್ಬರ ಕಡೆಯದು, ಅವರ ಯಂತ್ರದಲ್ಲಿ ಕನ್ನಡದ ಫಾಂಟ್ ಇಲ್ಲ. ಇನ್ನು ಹಳೆಯ ಸಂದೇಶವನ್ನು ಹುಡುಕಿದರೆ ಸಿಗದಿರುವುದಕ್ಕೆ ಕಣ್ಣಿಗೆ ಕಾಣದ ಕಾರಣವೊಂದಿರಬಹುದು: “ಸಾಫ್ಟ್‌ವೇರ್” ಎಂಬ ಪದದಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಚಿಹ್ನೆಯೊಂದು ಇರುತ್ತದೆ, ಅದಿಲ್ಲದೆ ಬರೆದು ಹುಡುಕಿದರೆ ಪದ ಸಿಗದೇ ಹೋಗಬಹುದು. ಪದದ ಮೊದಲ ಒಂದೆರಡು ಅಕ್ಷರ ಅಥವಾ ಸಾಲಿನ ಬೇರೊಂದು ಸರಳ ಪದದಿಂದ ಹುಡುಕಿ ನೋಡಿ.

ಸಹಾಯ ವಿಭಾಗಕ್ಕೆ ಬರೆಯುವಾಗ

ಇಷ್ಟಾದರೂ ಬಗೆಹರಿಯದಿದ್ದರೆ ಐ.ಟಿ. ವಿಭಾಗಕ್ಕೆ ಬರೆಯಬೇಕಾಗುತ್ತದೆ. “ಟೀಮ್ಸ್ ವರ್ಕ್ ಆಗ್ತಿಲ್ಲ, ಅರ್ಜೆಂಟ್” ಎಂಬ ದೂರಿಗೆ ಮೊದಲ ಉತ್ತರವಾಗಿ ಹತ್ತು ಪ್ರಶ್ನೆಗಳು ಬರುತ್ತವೆ, ಅದರಲ್ಲೇ ದಿನ ಕಳೆಯುತ್ತದೆ. ಅದರ ಬದಲು ಹೀಗೆ ಬರೆದರೆ ಓದಿದವರು ಕೂಡಲೇ ಕೆಲಸಕ್ಕೆ ಇಳಿಯಬಲ್ಲರು: “ಸೋಮವಾರ ಮತ್ತು ಬುಧವಾರ ಬೆಳಿಗ್ಗೆ 11.10ರಿಂದ 11.30ರವರೆಗೆ ನನ್ನ ದನಿ ಉಳಿದ ಆರು ಮಂದಿಗೂ ಕಡಿದು ಕೇಳಿತು, ಅವರ ದನಿ ನನಗೆ ಸರಿಯಾಗಿತ್ತು. ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಚಾಲೂ ಇತ್ತು. ಅದನ್ನು ಆರಿಸಿದಾಗ ಸರಿಹೋಯಿತು. ರೂಟರಿಗೆ ಪಿಂಗ್ 3 ಮಿಲಿಸೆಕೆಂಡು, ಏರುಪೇರಿಲ್ಲ. ಫೋನ್‌ನಲ್ಲಿ, ಮೊಬೈಲ್ ಡೇಟಾದಿಂದ, ಅದೇ ಮೀಟಿಂಗ್‌ನಲ್ಲಿ ತೊಂದರೆಯಿರಲಿಲ್ಲ. ಕಾಲ್ ಹೆಲ್ತ್ ಪುಟದ ಚಿತ್ರವನ್ನು ಲಗತ್ತಿಸಿದ್ದೇನೆ.”